ದಿಬ್ಬದ ಮೇಲಿನ ಗೋರಿಗಳು

ಅಮೆರಿಕದ ಇಂಡಿಯಾನಾ ರಾಜ್ಯದ ಲಿಟಲ್ ಪಿಜನ್ ಕ್ರೀಕ್ ಎಂಬಲ್ಲಿ, ಮರಗಳ ನಡುವಿನ ದಿಬ್ಬದ ಮೇಲೊಂದು ಪುಟ್ಟ ಸ್ಮಶಾನವಿದೆ. ಕಾಡು ಕಡಿದು ಹೊಲ ಮಾಡಲು ಬಂದ ಕೆಲವೇ ಕುಟುಂಬಗಳದ್ದು. ಬಡಗಿ ಥಾಮಸ್ ಲಿಂಕನ್ ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಬಂದದ್ದು 1816ರಲ್ಲಿ.

ಎರಡೇ ವರ್ಷಕ್ಕೆ ಊರಿಗೆ ವಿಚಿತ್ರ ಕಾಯಿಲೆ ಬಡಿಯಿತು. ಮೈನಡುಕ, ವಾಂತಿ, ನಿತ್ರಾಣ, ಕೊನೆಗೆ ಸಾವು. ತಂದದ್ದು ಯಾರು ಗೊತ್ತೆ? ಹಸುವಿನ ಹಾಲು! ಕಾಡಿನ ನೆರಳಲ್ಲಿ ಬೆಳೆಯುವ, ಬಿಳಿ ಹೂವಿನ ಸ್ನೇಕ್‌ರೂಟ್ ಗಿಡವನ್ನು ಹಸು ಮೇಯುತ್ತಿತ್ತು, ವಿಷ ಹಾಲಿಗಿಳಿಯುತ್ತಿತ್ತು. ಮಕ್ಕಳಿಗೆ ಅಕ್ಕರೆಯಿಂದ ಲೋಟ ತುಂಬಿಸಿ ಕೊಟ್ಟ ತಾಯಂದಿರಿಗೆ ಇದು ಹೇಗೆ ತಿಳಿಯಬೇಕು?

ಥಾಮಸ್‌ನ ಹೆಂಡತಿ ನ್ಯಾನ್ಸಿ 1818ರ ಅಕ್ಟೋಬರ್ 5ರಂದು ತೀರಿಕೊಂಡಳು. ಥಾಮಸ್ ತಾನೇ ಶವಪೆಟ್ಟಿಗೆ ಮಾಡಿದ; ಅದಕ್ಕೆ ಮರದ ಮೊಳೆಗಳನ್ನು ಕೆತ್ತಿಕೊಟ್ಟವನು ಒಂಬತ್ತರ ಮಗ ಅಬ್ರಹಾಂ ಎನ್ನುತ್ತಾರೆ. ಅವಳನ್ನು ಸಾಕಿದ್ದ ಸ್ಪ್ಯಾರೋ ದಂಪತಿಯೂ ಅದೇ ಕಾಯಿಲೆಗೆ ಬಲಿಯಾಗಿ ಅಲ್ಲೇ ಮಣ್ಣಾದರು.

ಆ ಮಗ ಅಮೆರಿಕದ ಅಧ್ಯಕ್ಷನಾದ, ಗುಂಡಿಗೆ ಬಲಿಯಾದ. ಆಗಲೂ ತಾಯಿಯ ಗೋರಿಗೆ ಹೆಸರು ಕೆತ್ತಿದ ಒಂದು ಕಲ್ಲಿರಲಿಲ್ಲ. ಕಡೆಗೆ 1879ರಲ್ಲಿ ಅದನ್ನು ನಿಲ್ಲಿಸಿದವನು ನೆಂಟನೂ ಅಲ್ಲ, ಸರ್ಕಾರವೂ ಅಲ್ಲ. ಪೀಟರ್ ಸ್ಟುಡ್‌ಬೇಕರ್ ಎಂಬ ಗಾಡಿ ತಯಾರಕ. ನೆರೆಹೊರೆಯವರ ಗೋರಿಗಳಿಗೆ ಅಂಥ ಮಗನೂ ಇರಲಿಲ್ಲ, ಗಾಡಿ ತಯಾರಕನೂ ಬರಲಿಲ್ಲ.