ಹಕ್ಕು ಮೊದಲು, ಲೆಕ್ಕ ಆಮೇಲೆ



ಹವಾಮಾನದ ಬಗ್ಗೆ ಮಾತಾಡಲು ನೀವು ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಕರೆದಿದ್ದೀರಿ. ಲೆಕ್ಕದವನನ್ನು ಊಟಕ್ಕೆ ಮುಂಚೆ ನಿಲ್ಲಿಸಿದರೆ ಗಡಿಯಾರ ನೋಡಿಕೊಂಡೇ ಮಾತಾಡುತ್ತಾನೆ ಎಂಬ ಲೆಕ್ಕಾಚಾರವೂ ಇದ್ದೀತು. ನಾನು ವಿಜ್ಞಾನಿಯಲ್ಲ. ಆದರೆ ಈಚಿನ ವರ್ಷಗಳಲ್ಲಿ ನನ್ನ ಮೇಜಿಗೆ ಬರುವ ಕಂಪನಿಗಳ ಲೆಕ್ಕಪತ್ರಗಳಲ್ಲಿ 'ಕಾರ್ಬನ್ ಕ್ರೆಡಿಟ್' ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ. ಆ ಸಾಲಿನ ಹಿಂದೆ ಯಾರಿದ್ದಾರೆ ಎಂದು ಹುಡುಕುತ್ತಾ ಹೋದಾಗ ಸಿಕ್ಕ ವಿಷಯವನ್ನು ಇವತ್ತು ಹಂಚಿಕೊಳ್ಳುತ್ತೇನೆ.

ಕಾರ್ಯಕ್ರಮದ ಆರಂಭದಲ್ಲಿ, ಈ ದೇಶದ ಪದ್ಧತಿಯಂತೆ, ಈ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸಿದೆವು. ಆಸ್ಟ್ರೇಲಿಯಾದಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ಕೂತ ನಮಗೆಲ್ಲ ಆ ವಾಕ್ಯ ಬಾಯಿಪಾಠ. ಆ ಒಡೆತನ ಬರೀ ಬಾಯಿಮಾತಾಗದೆ ಕಾಗದದ ಮೇಲೂ ಇದ್ದರೆ ಏನಾಗುತ್ತದೆ? ಅದಕ್ಕೆ ಉದಾಹರಣೆ ಉತ್ತರದ ತುದಿಯಲ್ಲಿರುವ ಆರ್ನ್‌ಹೆಮ್ ಲ್ಯಾಂಡ್.

ಪಶ್ಚಿಮ ಆರ್ನ್‌ಹೆಮ್ ಲ್ಯಾಂಡ್‌ನ ಬಂಡೆಗಲ್ಲಿನ ಪ್ರಸ್ಥಭೂಮಿ ಬಿನಿಂಜ್ ಜನರ ನಾಡು. ನಮಗೆ ಆರು ಋತುಗಳಿರುವಂತೆ ಅವರಿಗೂ ಆರು. ಮಳೆ ನಿಂತ ಮೇಲೆ ಬರುವ ತಂಪಾದ ಕಾಲಕ್ಕೆ 'ಯೆಕ್ಕೆ' ಎನ್ನುತ್ತಾರೆ. ಹುಲ್ಲು ಅರ್ಧ ಒಣಗಿ, ಅರ್ಧ ಹಸಿಯಾಗಿರುವ ಆ ದಿನಗಳಲ್ಲಿ ಅಲ್ಲಲ್ಲಿ ಸಣ್ಣ ಬೆಂಕಿ ಇಡುತ್ತಾ ನಡೆಯುವುದು ತಲೆತಲಾಂತರದಿಂದ ಬಂದ ಕ್ರಮ. ರಾತ್ರಿಯ ಇಬ್ಬನಿಗೆ ಆ ಬೆಂಕಿ ತಾನಾಗಿಯೇ ಆರುತ್ತದೆ. ಸುಟ್ಟ ತುಂಡು, ಸುಡದ ತುಂಡು ಸೇರಿ ನೆಲ ಕೌದಿಯಂತಾಗುತ್ತದೆ. ಮುಂದೆ ಬಿರುಬೇಸಿಗೆಯಲ್ಲಿ ಕಿಚ್ಚು ಬಂದರೂ ಅದಕ್ಕೆ ಓಡಲು ದಾರಿ ಇರುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಆ ಜನ ಮಿಷನ್‌ಗಳಿಗೆ, ಪಟ್ಟಣಗಳಿಗೆ ಹೋಗಿ ಸೇರಿದರು. ಪ್ರಸ್ಥಭೂಮಿ ಬರಿದಾಯಿತು. ಬೆಂಕಿ ಮಾತ್ರ ನಿಲ್ಲಲಿಲ್ಲ. ಸಣ್ಣ ಬೆಂಕಿ ಇಡುವವರಿಲ್ಲದೆ, ಒಣಹವೆಯ ಕೊನೆಯಲ್ಲಿ ದೊಡ್ಡ ಕಿಚ್ಚುಗಳು ವಾರಗಟ್ಟಲೆ ಉರಿಯತೊಡಗಿದವು. ಸೈಪ್ರೆಸ್ ಪೈನ್ ಮರಗಳು ಸತ್ತವು. ಇದನ್ನು ಕಂಡು ಮತ್ತೆ ತನ್ನ ನೆಲಕ್ಕೆ ಮರಳಿದ ಹಿರಿಯರಲ್ಲಿ ಪ್ರಮುಖರು ಬರ್ಡಯಾಲ್ 'ಲಾಫ್ಟಿ' ನಜಮೆರೆಕ್, ದೊಡ್ಡ ಚಿತ್ರಕಾರರು. ಅವರಂಥ ಹಿರಿಯರು ವಿಜ್ಞಾನಿಗಳ ಜೊತೆ ಕೂತು ಹಳೆಯ ಬೆಂಕಿಯ ಕ್ರಮವನ್ನು ಮತ್ತೆ ಕಟ್ಟಿದರು. ಇಂದು ಅಲ್ಲಿನ ರೇಂಜರ್‌ಗಳು ಕಾಲ್ನಡಿಗೆಯಲ್ಲೂ ಬೆಂಕಿ ಇಡುತ್ತಾರೆ, ಹೆಲಿಕಾಪ್ಟರ್‌ನಿಂದಲೂ ಇಡುತ್ತಾರೆ. ಎಲ್ಲಿ, ಯಾವಾಗ ಎಂಬುದನ್ನು ಆ ನೆಲದ ಒಡೆಯರನ್ನು ಕೇಳಿಯೇ ನಿರ್ಧರಿಸುತ್ತಾರೆ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. 2006ರಲ್ಲಿ ಒಂದು ಒಪ್ಪಂದವಾಯಿತು. ಡಾರ್ವಿನ್‌ನಲ್ಲಿ ನೈಸರ್ಗಿಕ ಅನಿಲವನ್ನು ದ್ರವವಾಗಿಸುವ ಸ್ಥಾವರ ನಡೆಸುತ್ತಿದ್ದ ಕಂಪನಿ ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರಿನಂತೆ 17 ವರ್ಷ ಹಣ ಕೊಡುವುದು. ಪ್ರತಿಯಾಗಿ ರೇಂಜರ್‌ಗಳು ವರ್ಷಕ್ಕೆ 1 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಹೊಗೆಯನ್ನು ತಪ್ಪಿಸುವುದು. ಅಂದರೆ ಟನ್ನಿಗೆ ಹತ್ತು ಡಾಲರ್. ಯೋಜನೆಯ ವಿಸ್ತಾರ 28,000 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಯ ಎರಡರಷ್ಟಕ್ಕಿಂತ ತುಸು ಹೆಚ್ಚು.

ಬೆಂಕಿ ಇಟ್ಟು ಹೊಗೆ ಕಡಿಮೆ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಹುಲ್ಲು ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್ ಈ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಮಳೆಗಾಲದ ಹುಲ್ಲು ಅದನ್ನು ಮತ್ತೆ ಹೀರಿಕೊಳ್ಳುತ್ತದೆ, ಕೈಸಾಲ ಕೊಟ್ಟಿದ್ದು ವಾಪಸ್ ಬಂದ ಹಾಗೆ. ಲೆಕ್ಕಕ್ಕೆ ಬರುವುದು ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್. ಒಂದು ಟನ್ ಮೀಥೇನ್ ಎಂದರೆ 28 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ; ಒಂದು ಟನ್ ನೈಟ್ರಸ್ ಆಕ್ಸೈಡ್ 265 ಟನ್ನಿಗೆ ಸಮ. ಬೇಸಿಗೆ ಕೊನೆಯ ಕಿಚ್ಚು ತರಗನ್ನೂ ಕೊಂಬೆಯನ್ನೂ ಪೂರ್ತಿ ನುಂಗುತ್ತದೆ. ಯೆಕ್ಕೆಯ ಬೆಂಕಿ ಮೇಲುಮೇಲೆ ಹಾದುಹೋಗುತ್ತದೆ. ಈ ವ್ಯತ್ಯಾಸವೇ ಉಳಿತಾಯ. ಮುಂದೆ ಸರ್ಕಾರ ತಂದ ನಿಯಮದಲ್ಲಿ, ಹೆಚ್ಚು ಮಳೆಯ ಪ್ರದೇಶಕ್ಕೆ ಹಿಂದಿನ 10 ವರ್ಷದ ಸರಾಸರಿಯನ್ನು ಆಧಾರವಾಗಿಟ್ಟು, ಅದರಲ್ಲಿ ಈ ವರ್ಷದ್ದನ್ನು ಕಳೆಯುತ್ತಾರೆ. ಬಜೆಟ್ಟಿಗೂ ನಿಜವಾದ ಖರ್ಚಿಗೂ ಇರುವ ಅಂತರ ನೋಡುವ ನಮ್ಮ ಕೆಲಸವೇ ಅದು.

ಆದರೆ ಲೆಕ್ಕ ಪರಿಶೀಲಿಸುವವನು ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ನೋಡಿದರೆ ಸಾಲದು, ಬಿಟ್ಟದ್ದನ್ನೂ ನೋಡಬೇಕು. ಎರಡು ಬಾಬ್ತು ಈ ಪುಸ್ತಕದಲ್ಲಿಲ್ಲ.

ಒಂದು, ಕೊಟ್ಟವರ ಕಡೆಯದು. ಡಾರ್ವಿನ್‌ನಿಂದ ಹಡಗಿನಲ್ಲಿ ಜಪಾನಿಗೆ ಹೋದ ಅನಿಲ ಅಲ್ಲಿ ಉರಿದಾಗ ಬಂದ ಹೊಗೆ ಈ 1 ಲಕ್ಷ ಟನ್ನಿನ ಲೆಕ್ಕದಲ್ಲಿ ಇಲ್ಲ. ಸ್ಥಾವರದ ಹೊಗೆಯಲ್ಲೂ ಇದು ಒಂದು ಪಾಲಿಗೆ ಮಾತ್ರ ಪರಿಹಾರ. ರೇಂಜರ್‌ಗಳ ಬೆವರನ್ನು ತೋರಿಸಿ ನಾವು ಶುದ್ಧರಾದೆವು ಎಂದು ಯಾವ ಕಂಪನಿಯಾದರೂ ಹೇಳಿಕೊಂಡರೆ, ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದ ಹಾಗಾಯಿತು.

ಇನ್ನೊಂದು, ಪಡೆದವರ ಕಡೆಯದು. ಆ ನಾಡಿಗೆ ಜನ ಮರಳಿದ್ದು, ಬಂಡೆಚಿತ್ರಗಳಿಗೆ ಕಾವಲು ಸಿಕ್ಕಿದ್ದು, ಹಿರಿಯರ ಮಾತು ಕೇಳಲು ಮತ್ತೆ ಕಿರಿಯರು ಪಕ್ಕದಲ್ಲಿ ಇರುವಂತಾದದ್ದು, ಇವಕ್ಕೆ ಯಾವ ಕಾಲಂ ಇದೆ? ಕಬುಲ್ವರ್ನಾಮ್ಯೋ ಎಂಬ ಪುಟ್ಟ ನೆಲೆಯಲ್ಲಿ ಶಾಲೆಯೇ ಇರಲಿಲ್ಲ. 2015ರಲ್ಲಿ ಸಮುದಾಯವೇ ಒಂದು ಶಾಲೆ ತೆರೆಯಿತು. ಅಲ್ಲಿ ಮಕ್ಕಳು ತಮ್ಮ ಭಾಷೆಯನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಶನಿವಾರ, ಭಾನುವಾರ ಕನ್ನಡ ಶಾಲೆ ನಡೆಸುವ ನಮಗೆ ಅದರ ಬೆಲೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಸಾಧ್ಯವಾದದ್ದು ಟನ್ನಿಗೆ ಹತ್ತು ಡಾಲರಿನಿಂದ ಮಾತ್ರವೇ? ಅಲ್ಲ. 1976ರ ಭೂಹಕ್ಕು ಕಾಯ್ದೆಯಿಂದ ಆರ್ನ್‌ಹೆಮ್ ಲ್ಯಾಂಡ್ ಅಲ್ಲಿನ ಮೂಲನಿವಾಸಿಗಳ ಒಡೆತನಕ್ಕೆ ಬಂದಿತ್ತು, ಮಾರಲಾಗದ ಒಡೆತನ. ಮೂವತ್ತು ವರ್ಷದ ನಂತರ ಕಂಪನಿ ಮಾತುಕತೆಗೆ ಬಂದಾಗ ಅವರು ಕೂಲಿಯವರಾಗಿ ಎದುರು ನಿಲ್ಲಲಿಲ್ಲ, ಜಮೀನಿನ ಮಾಲೀಕರಾಗಿ ಮೇಜಿಗೆ ಕೂತರು. ಹಕ್ಕು ಮೊದಲು ಬಂತು, ಲೆಕ್ಕ ಆಮೇಲೆ.

ಅದೇ 2006ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ನಾನು ಕೊಳ್ಳೇಗಾಲದವನು. ಸೋಲಿಗರು ಕಾಡಿನಿಂದ ತಂದ ಜೇನು, ನೆಲ್ಲಿಕಾಯಿ, ಶೀಗೆಕಾಯಿ ನಮ್ಮ ಮನೆಯಲ್ಲಿ ಇದ್ದೇ ಇರುತ್ತಿದ್ದವು. ಆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಒಂದು ಬೆಂಕಿ ಇತ್ತು, 'ತರಗು ಬೆಂಕಿ'. ಬೇಸಿಗೆ ಬಲಿಯುವ ಮುನ್ನ ಒಣ ಎಲೆಯನ್ನಷ್ಟೇ ಸುಡುವ, ಮೊಣಕಾಲಿಗಿಂತ ಮೇಲೇಳದ ಬೆಂಕಿ. ಅದರಿಂದ ಲಂಟಾನದ ಪೊದೆ ಹಿಡಿತದಲ್ಲಿತ್ತು, ನೆಲ್ಲಿ ಮರಕ್ಕೆ ಹತ್ತುವ 'ಉಪ್ಪಿಲು' ಎಂಬ ಬಂದಳಿಕೆ ಸಾಯುತ್ತಿತ್ತು ಎನ್ನುತ್ತಾರೆ ಅವರು.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ಇಡುವುದು ಅಪರಾಧವಾಯಿತು, ಈಗಲೂ ಅಪರಾಧವೇ. ಸಂಶೋಧಕರು 1997ರಲ್ಲಿ ನೋಡಿದ ತಾಕುಗಳ ಪೈಕಿ ಶೇಕಡಾ 40ರಷ್ಟರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಶೇಕಡಾ 80ರಷ್ಟು ತಾಕುಗಳಿಗೆ ಹಬ್ಬಿತ್ತು. ಬೆಂಕಿ ನಿಂತದ್ದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಒಣಗಿದ ಲಂಟಾನ ಕಾಡ್ಗಿಚ್ಚಿಗೆ ಹೇಗೆ ಮೇವಾಗುತ್ತದೆ ಎಂಬುದು ಆ ಕಡೆಯವರಿಗೆಲ್ಲ ಗೊತ್ತು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರಗಳು ಸಿಕ್ಕವು. ಹುಲಿ ಮೀಸಲು ಪ್ರದೇಶದೊಳಗೆ ಹೀಗೆ ಸಿಕ್ಕಿದ್ದು ದೇಶದಲ್ಲೇ ಮೊದಲು ಎಂದು ಆಗ ಪತ್ರಿಕೆಗಳು ಬರೆದವು. ಕಾಡನ್ನು ಕಾಯುವ ಹಕ್ಕನ್ನೂ ಆ ಕಾಯ್ದೆ ಗ್ರಾಮಸಭೆಗೆ ಕೊಡುತ್ತದೆ. ಆದರೆ ಯಾವ ಕ್ರಮದಲ್ಲಿ ಕಾಯಬೇಕು ಎಂಬ ಮಾತಿನಲ್ಲಿ ಅವರ ದನಿಗೆ ಆರ್ನ್‌ಹೆಮ್ ಲ್ಯಾಂಡ್‌ನವರ ತೂಕ ಇನ್ನೂ ಬಂದಿಲ್ಲ.

ಅಲ್ಲಿನ ಲೆಕ್ಕಪಟ್ಟಿಯನ್ನು ಹಾಗೇ ಇಲ್ಲಿಗೆ ಅಂಟಿಸಿ ಎಂದು ಅರ್ಥವಲ್ಲ. ಆ ಹುಲ್ಲುಗಾಡು ಬೇರೆ, ಈ ಬೆಟ್ಟದ ಕಾಡು ಬೇರೆ. ತರಬೇಕಾದದ್ದು ಕೆಲಸದ ಅನುಕ್ರಮವನ್ನು: ಮೊದಲು ಆ ಜನರ ಹಕ್ಕು, ಆಮೇಲೆ ಅವರ ತಿಳಿವಳಿಕೆಯನ್ನು ವಿಜ್ಞಾನದ ಜೊತೆ ಕೂರಿಸುವುದು, ಹಣದ ಮಾತು ಕೊನೆಗೆ. ಇದು ತಲೆಕೆಳಗಾದರೆ ಕಾರ್ಬನ್ನಿನ ಹೆಸರಿನಲ್ಲಿ ಕಾಡಿಗೆ ಹೊಸ ಬೇಲಿ ಬೀಳುತ್ತದೆ, ಒಳಗಿದ್ದವರು ಮತ್ತೆ ಹೊರಗಾಗುತ್ತಾರೆ.

ಇಲ್ಲಿರುವ ಹಲವರು ಬ್ಯಾಂಕಿನಲ್ಲಿ, ಗಣಿಯಲ್ಲಿ, ಐಟಿಯಲ್ಲಿ, ವಿಮಾನ ಕಂಪನಿಯಲ್ಲಿ ದುಡಿಯುತ್ತಿದ್ದೀರಿ. ನಿಮ್ಮ ಕಂಪನಿಯೂ ಕ್ರೆಡಿಟ್ ಕೊಳ್ಳುತ್ತಿರಬಹುದು. ವರ್ಷದ ವರದಿ ಬಂದಾಗ ಮೂರು ಪ್ರಶ್ನೆ ಕೇಳಿ. ಈ ಕ್ರೆಡಿಟ್ ಹುಟ್ಟಿದ ನೆಲ ಯಾರದು, ಕಾಗದ ಯಾರ ಹೆಸರಿನಲ್ಲಿದೆ? ಕೆಲಸ ಹೇಗೆ ನಡೆಯಬೇಕೆಂದು ನಿರ್ಧರಿಸಿದವರು ಯಾರು? ನಾವು ಕೊಟ್ಟ ಹಣದಲ್ಲಿ ಎಷ್ಟು ಪಾಲು ಅವರ ಕೈ ಸೇರಿತು? ಇದಕ್ಕೆ ಸಿಎ ಓದಿರಬೇಕಾಗಿಲ್ಲ. ಸಂತೆಯಲ್ಲಿ ತರಕಾರಿ ಕೊಳ್ಳುವಾಗ ನಮ್ಮ ಅಮ್ಮಂದಿರು ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಿ, ಮೇಲ್‌ನಲ್ಲೇ ಕೇಳಿ, ದಾಖಲೆ ಉಳಿಯುತ್ತದೆ.

ಊಟ ತಯಾರಾಗಿದೆಯಂತೆ, ನಾನು ಇಲ್ಲಿಗೆ ಮುಗಿಸುತ್ತೇನೆ.