ಅನುಕಂಪವೆಂದರೆ ಜೊತೆಗೆ ನಡುಗುವುದು
(ಸಾಲಿಗ್ರಾಮದಲ್ಲಿ ದಯಪಾಲಿಸಿದ ಆಶೀರ್ವಚನ)



ಶ್ರೀ ರಾಮಾನುಜಾಚಾರ್ಯರ ಸ್ಮರಣೆಯನ್ನು ಹೊತ್ತ ಈ ಸಾಲಿಗ್ರಾಮಕ್ಕೆ ಧನುರ್ಮಾಸದ ಚಳಿಯಲ್ಲಿ ಬಂದಿದ್ದೇವೆ. ಸದ್ವಿಚಾರ ಯಾವ ಮತದವರಿಂದ ಬಂದರೂ ಕಿವಿಗೊಡಬೇಕೆಂದು ಈ ಊರಿನವರಿಗೆ ನಾವು ಹೇಳಬೇಕಾದುದಿಲ್ಲ. ಆದುದರಿಂದ ಈ ದಿನ ಕ್ರೈಸ್ತರ ಹಬ್ಬದ ಕಥೆಯೊಂದನ್ನೇ ಎತ್ತಿಕೊಳ್ಳುತ್ತೇವೆ.

ನಾವು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಇಂಗ್ಲಿಷು ನಮಗೆ ಅಷ್ಟಾಗಿ ಬಾರದು. ನಮ್ಮ ವಿದ್ಯಾರ್ಥಿನಿಲಯದ ಹುಡುಗನೊಬ್ಬ ನಾಲ್ಕಾರು ಸಂಜೆ ಕುಳಿತು, ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರಲ್' ಎಂಬ ಕಾದಂಬರಿಯನ್ನು ಓದಿ ಅರ್ಥ ಹೇಳಿದ. 1824ರಲ್ಲಿ ತಂದೆ ಸಾಲ ತೀರಿಸಲಾರದೆ ಸೆರೆಮನೆ ಸೇರಿದಾಗ, ಹನ್ನೆರಡು ವರ್ಷದ ಡಿಕನ್ಸ್ ಬೂಟುಮಸಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಬಡತನವನ್ನು ಆತ ಉಂಡು ಬಲ್ಲ.

ಕಥೆಯಲ್ಲಿ ಸ್ಕ್ರೂಜ್ ಎಂಬ ಲೋಭಿ ವ್ಯಾಪಾರಿ. ಬಾಬ್ ಕ್ರ್ಯಾಚಿಟ್ ಅವನ ಗುಮಾಸ್ತ. ಹೊರಗೆ ಕೊರೆಯುವ ಚಳಿ. ಗುಮಾಸ್ತನ ಬಳಿ ಒಂದೇ ತುಂಡು ಕಲ್ಲಿದ್ದಲೋ ಎಂಬಷ್ಟು ಬೆಂಕಿ. ಕಲ್ಲಿದ್ದಲಿನ ಪೆಟ್ಟಿಗೆ ಯಜಮಾನನ ಕೋಣೆಯಲ್ಲಿ! ಹಬ್ಬದ ಹಿಂದಿನ ರಾತ್ರಿ, ಏಳು ವರ್ಷದ ಕೆಳಗೆ ತೀರಿಕೊಂಡ ಪಾಲುಗಾರ ಮಾರ್ಲಿಯ ಪ್ರೇತ ಬರುತ್ತದೆ. ಅದರ ಮೈಗೆ ಸುತ್ತಿದ ಸರಪಳಿಯಲ್ಲಿ ಹಣದ ಪೆಟ್ಟಿಗೆ, ಬೀಗ, ಬೀಗದ ಕೈ, ಲೆಕ್ಕದ ಪುಸ್ತಕ. ಕಿಟಕಿಯಾಚೆ ಅಂಥವೇ ಅನೇಕ ಪ್ರೇತಗಳು. ಕೂಸನ್ನು ಅವಚಿಕೊಂಡು ಬಾಗಿಲ ಬಳಿ ಕುಳಿತ ಅನಾಥ ಹೆಂಗಸನ್ನು ಕಂಡು ಒಂದು ಪ್ರೇತ ಗೋಳಿಡುತ್ತದೆ. ಏಕೆ? ಈಗ ಕೊಡಬೇಕೆಂಬ ಮನಸ್ಸುಂಟು. ಕೊಡುವ ಕೈ ಇಲ್ಲ.

ನಮ್ಮ ಪುರಾಣಗಳು ಕಾದ ಎಣ್ಣೆಯ ನರಕವನ್ನು ವರ್ಣಿಸುತ್ತವೆ. ಈ ನರಕ ಅದಕ್ಕಿಂತ ಘೋರವೆಂದು ನಮಗೆ ತೋರಿತು.

ಬಳಿಕ ಮೂರು ಚೇತನಗಳು ಬಂದು ಸ್ಕ್ರೂಜನಿಗೆ ಭೂತ, ವರ್ತಮಾನ, ಭವಿಷ್ಯಗಳನ್ನು ತೋರಿಸುತ್ತವೆ. ಗುಮಾಸ್ತನ ಕುಂಟ ಮಗು ಟಿಮ್ ಸತ್ತು, ಅವನ ಊರುಗೋಲು ಮಾತ್ರ ಉಳಿದ ಮನೆಯನ್ನೂ ಆತ ಕಾಣುತ್ತಾನೆ. ಬೆಳಗಾಗುತ್ತದೆ, ತಾನಿನ್ನೂ ಬದುಕಿದ್ದೇನೆ! ಗುಮಾಸ್ತನ ಮನೆಗೆ ಹಬ್ಬದ ಊಟಕ್ಕೆ ಬೇಕಾದುದನ್ನು ಕಳಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಮರುದಿನ ಅವನ ಸಂಬಳ ಹೆಚ್ಚಿಸುತ್ತಾನೆ. ಮೊದಲು ಕಲ್ಲಿದ್ದಲು ತಂದು ಬೆಂಕಿ ಹೆಚ್ಚಿಸೆನ್ನುತ್ತಾನೆ. ಟಿಮ್ ಬದುಕುತ್ತಾನೆ.

ಸಂಸ್ಕೃತದಲ್ಲಿ ದಯೆಗೆ 'ಅನುಕಂಪ'ವೆಂಬ ಹೆಸರುಂಟು. ಕಂಪವೆಂದರೆ ನಡುಕ, ಅನುಕಂಪವೆಂದರೆ ಅನ್ಯರ ನಡುಕವನ್ನು ಅನುಸರಿಸಿ ತಾನೂ ನಡುಗುವುದು. ಸ್ಕ್ರೂಜ್ ಅಷ್ಟು ವರ್ಷ ನಡುಗುವವನ ಪಕ್ಕದ ಕೋಣೆಯಲ್ಲೇ ಇದ್ದ. ನಡುಕ ಮಾತ್ರ ಅವನಿಗೆ ತಲುಪಿರಲಿಲ್ಲ.

ಕಥೆ ಮುಗಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ದಾಸೋಹದ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವ ಹಿರಿಯರೊಬ್ಬರಿದ್ದಾರೆ. ಅವರದು ಸೇವೆಯೆಂದು ಹೊಗಳುತ್ತ, ಆರು ವರ್ಷ ಅವರ ಸಂಬಳದ ಮಾತನ್ನೇ ನಾವು ಎತ್ತಿರಲಿಲ್ಲ. ಬೆಳಗಾಗುತ್ತಲೇ ಲೆಕ್ಕದ ಪುಸ್ತಕ ತರಿಸಿ ಹೆಚ್ಚಿಸಿದೆವು. ಅವರು ಕೈಮುಗಿದರು. ಮುಗಿಯಬೇಕಾದ ಕೈ ನಮ್ಮದಾಗಿತ್ತು.

ದಯೆಯಿಲ್ಲದ ಧರ್ಮವನ್ನು ಬಸವಣ್ಣನವರು ಒಪ್ಪಲಿಲ್ಲವೆಂದು ವೇದಿಕೆಯ ಮೇಲೆ ಎಷ್ಟು ಸಲ ನುಡಿದಿದ್ದೇವೋ! ಆ ಮಾತನ್ನು ನಮ್ಮ ಅಡುಗೆಮನೆಗೆ ಮುಟ್ಟಿಸಲು ಪರದೇಶದ ಕಥೆಯೊಂದು ಬರಬೇಕಾಯಿತು.

ನಿಮ್ಮದು ಭತ್ತದ ಸೀಮೆ. ಕಣದಲ್ಲಿ ರಾಶಿಯನ್ನು ಮನೆಗೆ ಸಾಗಿಸುವ ಮುನ್ನ ಆಯಗಾರರಿಗೆ ಆಯ ಅಳೆದು ಕೊಡುತ್ತಿದ್ದವರು ನಿಮ್ಮ ಹಿರಿಯರು. 1976ರ ಕಾಯಿದೆ ಜೀತವನ್ನು ತೆಗೆದುಹಾಕಿತು. ಕೂಲಿಯವರ ಬಟ್ಟಲಿಗೆ ಕಡಿಮೆ ಅಳೆಯುವ ಮನಸ್ಸನ್ನು ನಾವೇ ತೆಗೆಯಬೇಕು. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿರಿ, ಸಂತೋಷ. ಅದಕ್ಕೆ ಮೊದಲು, ನಿಮ್ಮ ಮನೆಯಲ್ಲಿ, ಗದ್ದೆಯಲ್ಲಿ ದುಡಿಯುವವರ ಬಾಕಿ ಎಷ್ಟೆಂದು ಈ ರಾತ್ರಿಯೇ ಲೆಕ್ಕ ನೋಡಿರಿ. ಕೊಡುವ ಕೈ ಇರುವಾಗಲೇ ಕೊಡುವ ಬುದ್ಧಿಯನ್ನು ಪರಶಿವನು ನಮಗೂ ನಿಮಗೂ ಅನುಗ್ರಹಿಸಲೆಂದು ಹಾರೈಸುತ್ತೇವೆ.