ಕೋಲ್ಟ್ರೇನ್ ಬಿಡದ ಹಾಡು

‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು 1965ರ ಸಿನಿಮಾ. ಗುಡುಗಿಗೆ ಹೆದರಿ ಓಡಿಬಂದ ಮಕ್ಕಳು, ಅವರಿಗೆ ಧೈರ್ಯ ತುಂಬುವ ‘ಮೈ ಫೇವರಿಟ್ ಥಿಂಗ್ಸ್’ ಹಾಡು. ಆ ಸಿನಿಮಾ ಬರುವ ಹೊತ್ತಿಗಾಗಲೇ ಈ ಹಾಡು ಜಾಝ್ ಲೋಕದಲ್ಲಿ ಬೇರೆಯೇ ಬಾಳು ಬಾಳುತ್ತಿತ್ತು.

ಮೂಲದಲ್ಲಿ ಅದು 1959ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗಕ್ಕೇರಿದ ಸಂಗೀತ ನಾಟಕದ ಹಾಡು. ರಿಚರ್ಡ್ ರಾಜರ್ಸ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೀನ್ ಸಾಹಿತ್ಯ. 1960ರ ಅಕ್ಟೋಬರಿನಲ್ಲಿ ಜಾಝ್ ವಾದಕ ಜಾನ್ ಕೋಲ್ಟ್ರೇನ್ ಇದನ್ನು ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ನುಡಿಸಿ ಮುದ್ರಿಸಿದ. ಹ್ಯಾಮರ್‌ಸ್ಟೀನ್ ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಪುಟ್ಟ ಹಾಡು ಹದಿಮೂರು ನಿಮಿಷ ದಾಟಿತು.

ಹೇಗೆ? ಕೋಲ್ಟ್ರೇನ್ ಹಾಡಿನ ಧಾಟಿಯನ್ನು ಕೆಡಿಸಲಿಲ್ಲ, ಅದರ ಮೂರೆಣಿಕೆಯ ವಾಲ್ಟ್ಸ್ ನಡೆಯನ್ನೂ ಬಿಡಲಿಲ್ಲ. ಆದರೆ ಸಾಲು ಮುಗಿದ ಕಡೆಯಲ್ಲಿ ವಿಶಾಲ ಅಂಗಳವೊಂದನ್ನು ತೆರೆದ. ಮೆಕಾಯ್ ಟೈನರ್‌ನ ಪಿಯಾನೊ ಎರಡೇ ಕಾರ್ಡ್‌ಗಳನ್ನು ಮತ್ತೆ ಮತ್ತೆ ನುಡಿಸುತ್ತದೆ, ಅದರ ಮೇಲೆ ಸ್ಯಾಕ್ಸೊಫೋನ್ ಮನಸ್ಸಿಗೆ ಬಂದಷ್ಟು ಹೊತ್ತು ವಿಹರಿಸುತ್ತದೆ. ಒಮ್ಮೆ ಮೈನರ್, ಒಮ್ಮೆ ಮೇಜರ್. ಶ್ರುತಿ ಹಿಡಿದು ಮನೋಧರ್ಮ ಕೇಳಿ ಬೆಳೆದ ನಮ್ಮ ಕಿವಿಗೆ ಇದು ತೀರಾ ಪರಕೀಯವೆನಿಸದು. ಕೋಲ್ಟ್ರೇನ್ ರವಿಶಂಕರರ ಸಂಗೀತವನ್ನು ಆಸಕ್ತಿಯಿಂದ ಕೇಳಿದವನು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟ. ಹಾಗೆಂದು ಇದನ್ನು ರಾಗವೆಂದು ಕರೆದು ನಮ್ಮದಾಗಿಸಿಕೊಳ್ಳುವುದು ಅತಿಯಾದೀತು.

ಸ್ಟುಡಿಯೊದ ಮುದ್ರಿಕೆ ಬರೀ ಮೊದಲ ಹೆಜ್ಜೆ. ಮುಂದಿನ ಕಥೆಯೆಲ್ಲ ವೇದಿಕೆಯದು. 1963ರ ಜುಲೈಯಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಕೋಲ್ಟ್ರೇನ್ ತಂಡದ ಡ್ರಮ್ ವಾದಕ ಎಲ್ವಿನ್ ಜೋನ್ಸ್ ಇರಲಿಲ್ಲ. ಡ್ರಮ್ಸಿಗೆ ರಾಯ್ ಹೇನ್ಸ್ ಕೂತ. ಎಲ್ವಿನ್‌ನದು ದಟ್ಟ ಅಲೆಯಂಥ ವಾದನ, ಹೇನ್ಸ್‌ನದು ಚುರುಕು, ಬಿಡಿಬಿಡಿ ಏಟು. ಸ್ಯಾಕ್ಸೊಫೋನಿನ ದಾರಿಯೂ ಅದಕ್ಕೆ ತಕ್ಕಂತೆ ಹೊರಳಿತು. ಹದಿನೇಳು ನಿಮಿಷ, ಒಂದು ಕ್ಷಣವೂ ಸಡಿಲವಿಲ್ಲ. ನನ್ನ ಮಟ್ಟಿಗೆ ಈ ಹಾಡಿನ ಅತ್ಯುತ್ತಮ ರೂಪ ಇದೇ.

1966ರ ಜುಲೈಯಲ್ಲಿ ಟೋಕಿಯೊದಲ್ಲಿ ತಂಡದ ಜಿಮ್ಮಿ ಗ್ಯಾರಿಸನ್ ಒಬ್ಬನೇ ಬಹಳ ಹೊತ್ತು ಬಾಸ್ ನುಡಿಸಿದ ಮೇಲಷ್ಟೇ ಹಾಡು ಶುರುವಾಯಿತು. ಮುಗಿಯುವಾಗ ಸುಮಾರು ಒಂದು ಗಂಟೆ ಕಳೆದಿತ್ತು. ಮೂಲ ಧಾಟಿ ಎಲ್ಲೋ ಇಣುಕಿ ಮರೆಯಾಗುತ್ತದೆ. ಅಷ್ಟು ದೂರ ಕೋಲ್ಟ್ರೇನ್ ಜೊತೆ ಹೋಗಲು ಎಲ್ಲ ಕೇಳುಗರಿಗೂ ಆಗುವುದಿಲ್ಲ, ನನಗೂ ಕೆಲವೊಮ್ಮೆ ಆಗಿಲ್ಲ. ಆದರೂ ಅವನು ಹಾಡನ್ನು ಬಿಡಲಿಲ್ಲ. 1967ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಲತುಂಜಿ ಸಾಂಸ್ಕೃತಿಕ ಕೇಂದ್ರದಲ್ಲೂ ನುಡಿಸಿದ. ಮೂರು ತಿಂಗಳೊಳಗೆ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡ.

ಈಗ ನ್ಯೂಪೋರ್ಟಿನ ಮುದ್ರಿಕೆಯಿಂದ ಒಂದು ಭಾಗ. ಕಿವಿ ಸ್ವಲ್ಪ ಡ್ರಮ್ಸಿನ ಕಡೆಗೂ ಇರಲಿ.